ಮನೆ ಕಳ್ಳತನದ ಕ್ಲೇಮಿಗೆ ವಿಮಾ ಕಂಪನಿ ಕಡಿಮೆ ಹಣ ಕೊಟ್ಟರೆ: ಮೈಸೂರು, ಮಂಡ್ಯದವರು ಪದೇ ಪದೇ ಕೇಳುವ ಪ್ರಶ್ನೆಗಳು

ಆರೂವರೆ ಲಕ್ಷಕ್ಕೆ ಕ್ಲೇಮು ಹಾಕಿದವರಿಗೆ ಎರಡು ಲಕ್ಷ ಚಿಲ್ಲರೆ ಮಂಜೂರಾಗಿದೆ ಅಂತ ಮೆಸೇಜ್ ಬಂದರೆ ಬಹಳ ಜನ ಬಂದಷ್ಟು ಬಂತು ಅಂದುಕೊಂಡು ಸುಮ್ಮನಾಗುತ್ತಾರೆ. ಆ ಮೊತ್ತ ಒಬ್ಬ ಸರ್ವೇಯರ್, ಅಂದರೆ ನಷ್ಟ ಅಂದಾಜಿಸಲು ಕಂಪನಿ ನೇಮಿಸಿದವರು, ಕೂತು ಹಾಕಿದ ಲೆಕ್ಕ. ಅದರ ಒಂದೊಂದು ಸಾಲನ್ನೂ ತೆರೆದು ನೋಡುವ, ತಪ್ಪಿದ್ದರೆ ತಿದ್ದಿಸುವ ಹಕ್ಕು ನಿಮಗಿದೆ. ಕೆಳಗಿನ ಉತ್ತರಗಳೆಲ್ಲ ಆ ಲೆಕ್ಕವನ್ನು ಕೈಗೆ ತೆಗೆದುಕೊಳ್ಳುವುದು ಹೇಗೆ ಎಂಬುದರ ಸುತ್ತಲೇ ಇವೆ.

ಹಣ ಕಡಿಮೆ ಮಂಜೂರಾಗಿದೆ. ಮೊದಲು ಏನು ಮಾಡಲಿ?

ಏಜೆಂಟರಿಗೆ ಫೋನ್ ಮಾಡಿ ಜಗಳ ಆಡಬೇಡಿ, ಅದರಿಂದ ಯಾವ ದಾಖಲೆಯೂ ಹುಟ್ಟುವುದಿಲ್ಲ. ಕ್ಲೇಮ್ ನಂಬರ್ ಹಾಕಿ ಕಂಪನಿಗೆ ಇಮೇಲ್ ಬರೆದು ಮೂರು ವಸ್ತು ಕೇಳಿ: ಸರ್ವೇ ವರದಿಯ ಪೂರ್ತಿ ಪ್ರತಿ, ವಸ್ತುವಾರು ಲೆಕ್ಕದ ಹಾಳೆ, ಮತ್ತು ಪ್ರತಿ ಕಡಿತಕ್ಕೂ ಪಾಲಿಸಿಯ ಯಾವ ಷರತ್ತು ಆಧಾರ ಅನ್ನುವ ವಿವರಣೆ. ಜೊತೆಗೆ ಪಾಲಿಸಿಯ ಪೂರ್ತಿ ಪಠ್ಯ ನಿಮ್ಮ ಬಳಿ ಇದೆಯೇ ನೋಡಿಕೊಳ್ಳಿ. ಬಹುತೇಕರ ಕಪಾಟಿನಲ್ಲಿ ಇರುವುದು ಎರಡು ಪುಟದ ಶೆಡ್ಯೂಲ್ (ಹೆಸರು, ವಿಳಾಸ, ವಿಮಾ ಮೊತ್ತ ಬರೆದ ಹಾಳೆ) ಮಾತ್ರ. ಷರತ್ತುಗಳೆಲ್ಲ ಇರುವುದು ಇನ್ನೊಂದು ಪುಸ್ತಿಕೆಯಲ್ಲಿ.

ವರದಿ ಕೊಡಲು ಹಿಂದೆಮುಂದೆ ನೋಡಿದರೆ, ಮತ್ತು ನಿಮ್ಮದು ಸರ್ಕಾರಿ ವಿಮಾ ಕಂಪನಿಯಾಗಿದ್ದರೆ, 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಬಹುದು. 30 ದಿನದೊಳಗೆ ಉತ್ತರ ಕೊಡಬೇಕು. ಖಾಸಗಿ ಕಂಪನಿಗೆ ಈ ದಾರಿ ಇಲ್ಲ. ಅಲ್ಲಿ ಬರೆದು ಕೇಳಿದ ಇಮೇಲೇ ಮುಂದೆ ಸಾಕ್ಷಿಯಾಗುತ್ತದೆ.

ಹಣ ಬೇಕೆಂದರೆ ಡಿಸ್ಚಾರ್ಜ್ ವೋಚರ್‌ಗೆ ಸಹಿ ಹಾಕಿ ಅನ್ನುತ್ತಿದ್ದಾರೆ. ಹಾಕಿದರೆ ಹಕ್ಕು ಹೋಗುತ್ತದೆಯೇ?

‘ಪೂರ್ಣ ಮತ್ತು ಅಂತಿಮ ಇತ್ಯರ್ಥ’ ಎಂದು ಅಚ್ಚಾಗಿರುವ ಈ ಹಾಳೆಗೆ (ಹಣ ಪಡೆದು ಕ್ಲೇಮು ಮುಗಿಯಿತೆಂದು ಒಪ್ಪುವ ಕಾಗದ) ಏನೂ ಬರೆಯದೆ ಸಹಿ ಹಾಕಬೇಡಿ. ಸಹಿಯ ಮೇಲೆ ನಿಮ್ಮದೇ ಕೈಬರಹದಲ್ಲಿ ‘ಆಕ್ಷೇಪಣೆಯೊಂದಿಗೆ, ಭಾಗಶಃ ಪಾವತಿಯಾಗಿ ಮಾತ್ರ ಸ್ವೀಕರಿಸಿದ್ದೇನೆ, ಬಾಕಿಗೆ ಹಕ್ಕು ಕಾಯ್ದಿರಿಸಿದ್ದೇನೆ’ ಎಂದು ಬರೆದು, ಫೋಟೋ ತೆಗೆದು, ಅದೇ ದಿನ ಅದೇ ಮಾತನ್ನು ಇಮೇಲ್‌ನಲ್ಲೂ ಕಳಿಸಿ. ಒಟಿಪಿ ಒತ್ತಿ ಒಪ್ಪಿಗೆ ಕೇಳುವ ಕಡೆ ಬರೆಯಲು ಜಾಗ ಇರುವುದಿಲ್ಲ. ಹಾಗಾಗಿ ಒಟಿಪಿ ಕೊಡುವ ಮೊದಲೇ ಇಮೇಲ್ ಹೋಗಿರಲಿ.

ಈಗಾಗಲೇ ಸಹಿ ಹಾಕಿದ್ದರೂ ಬಾಗಿಲು ಪೂರ್ತಿ ಮುಚ್ಚಿಲ್ಲ. ಒತ್ತಡದಿಂದಲೋ ತಪ್ಪು ಮಾಹಿತಿ ಕೊಟ್ಟೋ ಪಡೆದ ವೋಚರ್ ಗ್ರಾಹಕನ ಹಕ್ಕನ್ನು ಕಸಿಯುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1999ರಲ್ಲೇ ಅಜ್ಮೇರ್ ಸಿಂಗ್ ಕಾಟನ್ ಮಿಲ್ಸ್ ಪ್ರಕರಣದಲ್ಲಿ ಹೇಳಿದೆ. ವೋಚರ್ ತೋರಿಸಿ ಗ್ರಾಹಕರನ್ನು ನ್ಯಾಯಾಲಯದಿಂದ ದೂರ ಇಡಬಾರದೆಂದು ವಿಮಾ ನಿಯಂತ್ರಕ ಐಆರ್‌ಡಿಎಐ 2015ರ ಸೆಪ್ಟೆಂಬರ್‌ನಲ್ಲಿ ಸುತ್ತೋಲೆ ಹೊರಡಿಸಿದೆ. ಆದರೆ ಒತ್ತಡ ಇತ್ತೆಂದು ತೋರಿಸುವ ಹೊರೆ ನಿಮ್ಮ ಮೇಲೆ ಬೀಳುತ್ತದೆ. ಆರು ತಿಂಗಳು ಸುಮ್ಮನಿದ್ದು ಆಮೇಲೆ ಒತ್ತಡ ಇತ್ತು ಅಂದರೆ ನಂಬಿಸುವುದು ಕಷ್ಟ.

ಸರ್ವೇಯರ್ ಲೆಕ್ಕ ಸಾಮಾನ್ಯವಾಗಿ ಎಲ್ಲಿ ತಪ್ಪುತ್ತದೆ?

ಹೆಚ್ಚು ಹಣ ಸೋರುವುದು ಎರಡೇ ಕಡೆ: ಸವಕಳಿ (ಬಳಸಿ ಹಳತಾದಂತೆ ವಸ್ತುವಿನ ಬೆಲೆ ಇಳಿಯುವುದು), ಮತ್ತು ‘ಆವರೇಜ್’ ಎಂದು ಕರೆಯುವ ಅನುಪಾತದ ಕಡಿತ.

ಆವರೇಜ್ ಅಂದರೆ ಇಷ್ಟೇ. ಮನೆಯಲ್ಲಿರುವ ವಸ್ತುಗಳ ಒಟ್ಟು ಮೌಲ್ಯ 10 ಲಕ್ಷ, ನೀವು ವಿಮೆ ಮಾಡಿಸಿದ್ದು 6 ಲಕ್ಷಕ್ಕೆ, ಕಳುವಾದದ್ದು 2 ಲಕ್ಷದ್ದು ಅಂದರೆ ಕಂಪನಿ ಹತ್ತರಲ್ಲಿ ಆರು ಪಾಲು ಮಾತ್ರ ಹೊರುತ್ತದೆ. ಕೈಗೆ ಬರುವುದು 1,20,000. ಪಾಲಿಸಿಯಲ್ಲಿ ಈ ಷರತ್ತು ಇದ್ದರೆ ಕಡಿತವೇ ತಪ್ಪೆಂದು ವಾದಿಸಲಾಗದು. ಆದರೆ ಆ 10 ಲಕ್ಷ ಎಲ್ಲಿಂದ ಬಂತು ಎಂದು ಕೇಳಲೇಬೇಕು.

ಒಂದು ತಪ್ಪು ಮತ್ತೆ ಮತ್ತೆ ಕಾಣುತ್ತದೆ. ಸರ್ವೇಯರ್ ಮಾತಿನ ನಡುವೆ ‘ಮನೆಯಲ್ಲಿ ಒಟ್ಟು ಚಿನ್ನ ಎಷ್ಟಿದೆ’ ಅನ್ನುತ್ತಾರೆ. ಮನೆಯವರು ಬ್ಯಾಂಕ್ ಲಾಕರ್‌ನಲ್ಲಿರುವುದನ್ನೂ ಸೇರಿಸಿ ಹೇಳಿಬಿಡುತ್ತಾರೆ. ಮನೆಯಲ್ಲಿ 5 ಲಕ್ಷದ್ದು, ಲಾಕರ್‌ನಲ್ಲಿ 5 ಲಕ್ಷದ್ದು, ವಿಮೆ 4 ಲಕ್ಷಕ್ಕೆ, ಕಳುವು 3 ಲಕ್ಷದ್ದು ಎಂದಿಟ್ಟುಕೊಳ್ಳಿ. ಲಾಕರ್ ಸೇರಿಸಿ ಹಾಕಿದರೆ ಹತ್ತರಲ್ಲಿ ನಾಲ್ಕು ಪಾಲು, ಅಂದರೆ 1,20,000. ಮನೆಯೊಳಗಿನದನ್ನು ಮಾತ್ರ ಹಿಡಿದರೆ ಐದರಲ್ಲಿ ನಾಲ್ಕು ಪಾಲು, 2,40,000. ಪಾಲಿಸಿಯ ರಕ್ಷಣೆ ಶೆಡ್ಯೂಲ್‌ನಲ್ಲಿ ಬರೆದ ವಿಳಾಸದೊಳಗಿನ ವಸ್ತುಗಳಿಗೆ ಮಾತ್ರ ಇದ್ದರೆ, ಲಾಕರ್ ಚಿನ್ನವನ್ನು ಈ ಲೆಕ್ಕಕ್ಕೆ ತರಲು ಆಧಾರವೇ ಇಲ್ಲ. ಲಾಕರ್ ರಸೀದಿ, ಬ್ಯಾಂಕಿನ ಪ್ರವೇಶ ದಾಖಲೆ ಲಗತ್ತಿಸಿ ಇದನ್ನು ತಿದ್ದಿಸಿ.

ಎರಡನೆಯದು ಇನ್ನೂ ಸೂಕ್ಷ್ಮ. ಕಳುವಾದ ವಸ್ತುವಿನ ಬೆಲೆ ಹಾಕುವಾಗ ಸವಕಳಿ ಕಳೆದು ಹಳೆಯ ವಸ್ತುವಿನ ಬೆಲೆ, ಮನೆಯ ಒಟ್ಟು ಮೌಲ್ಯ ಹಾಕುವಾಗ ಮಾತ್ರ ಹೊಸ ವಸ್ತುವಿನ ಬೆಲೆ. ಹೀಗೆ ಎರಡು ತಕ್ಕಡಿ ಇಟ್ಟರೆ ಒಂದೇ ಸವಕಳಿ ಎರಡು ಸಲ ನಿಮ್ಮ ತಲೆಗೆ ಬೀಳುತ್ತದೆ. ಹೊಸದರ ಲೆಕ್ಕದಲ್ಲಿ ಮನೆ ಸಾಮಾನು 12 ಲಕ್ಷ, ಸವಕಳಿ ಕಳೆದರೆ 7 ಲಕ್ಷ, ವಿಮೆ 7 ಲಕ್ಷಕ್ಕೆ ಇದ್ದರೆ ಅಲ್ಲಿ ಕಡಿಮೆ ವಿಮೆಯೇ ಇಲ್ಲ. ಹಾಳೆಯಲ್ಲಿ 12 ಲಕ್ಷ ಬರೆದು ಕಡಿತ ಹಾಕಿದ್ದರೆ ‘ಎರಡೂ ಕಡೆ ಒಂದೇ ಮಾನದಂಡ ಬಳಸಿ’ ಎಂಬ ಒಂದು ಸಾಲಿನ ಆಕ್ಷೇಪಣೆ ಸಾಕು.

ಇನ್ನು ಸವಕಳಿ. ಮಾರುಕಟ್ಟೆ ಮೌಲ್ಯ ಅಂದರೆ ಕಳುವಾದ ದಿನ ಅಂಥದೇ ಹೊಸ ವಸ್ತುವಿಗಿದ್ದ ಬೆಲೆಯಲ್ಲಿ ಬಳಕೆಯ ಸವಕಳಿ ಕಳೆದದ್ದು. ಬಹಳ ವರದಿಗಳಲ್ಲಿ ಹಳೆಯ ಬಿಲ್ಲಿನ ಬೆಲೆಯಲ್ಲೇ ಕಳೆದಿರುತ್ತಾರೆ. 40,000ಕ್ಕೆ ಕೊಂಡ ಟಿವಿಗೆ ಸಮನಾದದ್ದು ಈಗ 52,000 ಇದ್ದು, ಸವಕಳಿ ಶೇ 40 ಅಂದುಕೊಂಡರೆ, ಹಳೆಯ ಬಿಲ್ಲಿನ ಮೇಲೆ ಸಿಗುವುದು 24,000, ಇಂದಿನ ಬೆಲೆಯ ಮೇಲೆ 31,200. ಟಿವಿ, ಲ್ಯಾಪ್‌ಟಾಪ್ ಬೆಲೆ ಕೆಲವೊಮ್ಮೆ ಇಳಿದೂ ಇರುತ್ತದೆ, ಆಗ ಈ ವಾದ ನಿಮಗೇ ತಿರುಗಬಹುದು. ಮೊದಲು ಬೆಲೆ ನೋಡಿ, ಆಮೇಲೆ ಬರೆಯಿರಿ. ಸವಕಳಿಯ ದರ ಪಾಲಿಸಿಯಲ್ಲೇ ಅಚ್ಚಾಗಿದೆಯೇ, ಇಲ್ಲದಿದ್ದರೆ ಯಾವ ಆಧಾರದ ಮೇಲೆ ಹಾಕಿದಿರಿ ಎಂದೂ ಕೇಳಿ.

ಸರ್ವೇಯರ್ ವರದಿಗೆ ತೂಕ ಇದೆ. ಆದರೆ ಅದೇ ಕೊನೆಯ ಮಾತಲ್ಲ. 2009ರ ನ್ಯೂ ಇಂಡಿಯಾ ಅಶ್ಯೂರೆನ್ಸ್ ಮತ್ತು ಪ್ರದೀಪ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ.

ಚಿನ್ನಕ್ಕೆ ಹಳೆಯ ಬಿಲ್ಲಿನ ದರ ಕೊಟ್ಟಿದ್ದಾರೆ. ಸರಿಯೇ?

ಪಾಲಿಸಿ ಕಳುವಾದ ದಿನದ ಮೌಲ್ಯ ಎನ್ನುತ್ತಿದ್ದರೆ ಸರಿಯಲ್ಲ. ಚಿನ್ನಕ್ಕೆ ಸವಕಳಿಯೂ ಇಲ್ಲ. 2018ರಲ್ಲಿ ಗ್ರಾಂಗೆ 2,900ರಂತೆ ಕೊಂಡ 40 ಗ್ರಾಂ ಸರಕ್ಕೆ ಹಳೆಯ ಬಿಲ್ಲಿನಂತೆ 1,16,000 ಆಗುತ್ತದೆ. ಕಳುವಾದ ದಿನದ ದರ, ಲೆಕ್ಕಕ್ಕೆ ಸುಲಭವಾಗಲೆಂದು, ಗ್ರಾಂಗೆ 9,000 ಎಂದು ಹಿಡಿದರೆ ಚಿನ್ನದ್ದೇ 3,60,000. ಮಜೂರಿ ಶೇ 10 ಅಂದರೆ 36,000 ಸೇರಿ 3,96,000. ಶೇ 3 ಜಿಎಸ್‌ಟಿ 11,880 ಸೇರಿದರೆ 4,07,880. ವ್ಯತ್ಯಾಸ ಎಷ್ಟು ದೊಡ್ಡದೆಂದು ನೋಡಿ. ಕೆಲವು ಪಾಲಿಸಿಗಳು ಮಜೂರಿ ಬಿಟ್ಟು ಬರಿ ಲೋಹದ ಬೆಲೆ ಕೊಡುತ್ತವೆ. ಕೆಲವಕ್ಕೆ ಒಂದೊಂದು ಒಡವೆಗೂ ಮಿತಿ ಇರುತ್ತದೆ. ಒಟ್ಟು ವಿಮಾ ಮೊತ್ತ ಮೀರಿ ಯಾರೂ ಕೊಡುವುದಿಲ್ಲ. ಈ ಮೂರನ್ನೂ ಪಾಲಿಸಿಯಲ್ಲಿ ಹುಡುಕಿ.

ಕಳುವಾದ ದಿನದ ದರಕ್ಕೆ ಆ ದಿನದ ಪತ್ರಿಕೆಯ ಚಿನ್ನದ ಧಾರಣೆ ಕತ್ತರಿಸಿ ಇಟ್ಟುಕೊಳ್ಳಿ, ಅಥವಾ ಅಂಗಡಿಯವರಿಂದ ಆ ದಿನಾಂಕದ ದರ ಬರೆಸಿ ಮೊಹರು ಹಾಕಿಸಿ. ಮಾಂಗಲ್ಯ ಸರದಂಥದ್ದರಲ್ಲಿ ಕರಿಮಣಿ, ಹವಳ, ಅರಗು ಕಳೆದ ನಿವ್ವಳ ತೂಕವನ್ನೇ ಬರೆಯಿರಿ. ಒಟ್ಟು ತೂಕ ಬರೆದರೆ ಸರ್ವೇಯರ್ ನಿಮ್ಮ ಉಳಿದ ಅಂಕಿಗಳನ್ನೂ ಅನುಮಾನದಿಂದ ನೋಡುತ್ತಾರೆ.

ರೇಷ್ಮೆ ಸೀರೆಗೆ ‘ಬಟ್ಟೆ’ ಎಂದು ಅರ್ಧ ಬೆಲೆ ಹಾಕಿದ್ದಾರೆ.

ಮೈಸೂರಿನ ಮನೆಗಳಲ್ಲಿ ಇದು ಸಣ್ಣ ವಿಷಯ ಅಲ್ಲ. ಬೀರುವಿನಲ್ಲಿ ಮಲ್ಲು ಪಂಚೆಯಲ್ಲಿ ಸುತ್ತಿಟ್ಟ ನಾಲ್ಕು ಮೈಸೂರು ಸಿಲ್ಕ್ ಸೀರೆ ಅಂದರೆ ಲಕ್ಷ ದಾಟುತ್ತದೆ. ಆ ಸೀರೆಯನ್ನು ದಿನಬಳಕೆಯ ಕಾಟನ್ ಸೀರೆಯ ಜೊತೆ ಒಂದೇ ಸಾಲಿನಲ್ಲಿ ಬರೆದು ಒಂದೇ ಸವಕಳಿ ಹಾಕಿದರೆ ಅನ್ಯಾಯ. ಸರ್ಕಾರಿ ರೇಷ್ಮೆ ನಿಗಮ ಕೆಎಸ್‌ಐಸಿಯ ಮೈಸೂರು ಸಿಲ್ಕ್ ಜರಿಯಲ್ಲಿ ಶೇ 65 ಬೆಳ್ಳಿ, ಶೇ 0.65 ಚಿನ್ನ ಇರುತ್ತದೆ. ಸೀರೆ ಹಳತಾದರೂ ಜರಿಯ ಬೆಲೆ ಹೋಗುವುದಿಲ್ಲ. ಹಳೆಯ ಜರಿ ಸೀರೆ ಕೊಳ್ಳುತ್ತೇವೆಂದು ಬೀದಿಯಲ್ಲಿ ಕೂಗುತ್ತಾ ಬರುವವರೇ ಇದಕ್ಕೆ ಸಾಕ್ಷಿ.

ಆಕ್ಷೇಪಣೆಯಲ್ಲಿ ಸೀರೆಗಳನ್ನು ಒಂದೊಂದಾಗಿ ಬರೆಯಿರಿ: ಬಣ್ಣ, ಅಂಚಿನ ಅಗಲ, ಸೆರಗಿನ ವಿನ್ಯಾಸ, ಕೊಂಡ ವರ್ಷ, ಬಿಲ್ಲಿದ್ದರೆ ಅದರಲ್ಲಿರುವ ಸೀರೆಯ ಗುರುತಿನ ಸಂಖ್ಯೆ, ಈಗ ಅದೇ ಬಗೆಗೆ ಮಳಿಗೆಯಲ್ಲಿರುವ ಬೆಲೆ. ಕೆಎಸ್‌ಐಸಿ ಪ್ರತಿ ಸೀರೆಗೂ ಬೇರೆ ಸಂಖ್ಯೆ ಕೊಡುವುದರಿಂದ ಬಿಲ್ಲಿದ್ದರೆ ವಾದಕ್ಕೆ ಜಾಗವೇ ಇರುವುದಿಲ್ಲ. ಎಫ್‌ಐಆರ್‌ನಲ್ಲೂ ಆ ಸಂಖ್ಯೆ ಬರೆಸಿದರೆ, ಮಾಲು ಸಿಕ್ಕಾಗ ಗುರುತಿಸುವುದೂ ಸುಲಭ. ಒಂದು ಮಾತು: ಈಗಿನ ಬಿಲ್ಲುಗಳು ಶಾಖಕ್ಕೆ ಮಾಸುವ ಕಾಗದದಲ್ಲಿ ಬರುತ್ತವೆ. ಬೀರುವಿನಲ್ಲಿಟ್ಟ ಬಿಲ್ಲು ಎರಡು ಬೇಸಿಗೆ ಕಳೆದರೆ ಬಿಳಿ ಹಾಳೆ. ಕೊಂಡ ದಿನವೇ ಜೆರಾಕ್ಸ್ ಮಾಡಿಸಿ.

ಬಿಲ್ಲೇ ಇಲ್ಲ. ಅಜ್ಜಿಯ ಕಾಲದ ಒಡವೆ.

ಬಿಲ್ಲು ಒಂದೇ ಪುರಾವೆ ಅಲ್ಲ. ಎಲ್ಲಕ್ಕಿಂತ ಗಟ್ಟಿಯಾದ, ಆದರೆ ಜನ ಮರೆಯುವ ಪುರಾವೆ ಅಡವು ಚೀಟಿ. ಆ ಸರವನ್ನು ಎಂದಾದರೂ ಬ್ಯಾಂಕಿನಲ್ಲೋ ಸಹಕಾರ ಸಂಘದಲ್ಲೋ ಅಡವಿಟ್ಟಿದ್ದರೆ, ಅಲ್ಲಿನ ಮೌಲ್ಯಮಾಪಕರು ತೂಗಿ ಒಟ್ಟು ತೂಕ, ನಿವ್ವಳ ತೂಕ, ಶುದ್ಧತೆ ಬರೆದಿರುತ್ತಾರೆ. ನಿಮಗೂ ವಿಮಾ ಕಂಪನಿಗೂ ಸಂಬಂಧವಿಲ್ಲದ ಮೂರನೆಯವರು ತೂಗಿ ಬರೆದ ದಾಖಲೆ ಅದು. ಚೀಟಿ ಕಳೆದಿದ್ದರೆ ಸಾಲದ ಖಾತೆ ಸಂಖ್ಯೆ ಹೇಳಿ ಶಾಖೆಯಿಂದ ದೃಢೀಕೃತ ಪ್ರತಿ ಕೇಳಿ. ಅಡವಿಟ್ಟ ವಿಷಯ ಹೇಳಿಕೊಳ್ಳಲು ಕೆಲವರಿಗೆ ಸಂಕೋಚ. ಇಲ್ಲಿ ಸಂಕೋಚ ಬೇಡ, ಆ ಚೀಟಿಯೇ ನಿಮ್ಮನ್ನು ಕಾಯುವುದು.

ಆಮೇಲೆ ಫೋಟೋ. ಮದುವೆ, ಸೀಮಂತ, ಗೃಹಪ್ರವೇಶದ ಆಲ್ಬಮ್‌ನಿಂದ ಒಡವೆ ಹಾಕಿಕೊಂಡ ಫೋಟೋ ಆರಿಸಿ, ಒಡವೆಯ ಸುತ್ತ ಪೆನ್ನಿನಿಂದ ಗುರುತು ಹಾಕಿ, ಪಟ್ಟಿಯ ಕ್ರಮಸಂಖ್ಯೆ ಬರೆಯಿರಿ. ಬೆಳ್ಳಿಗೆ ವರಮಹಾಲಕ್ಷ್ಮಿ ಹಬ್ಬದ ಫೋಟೋಗಳಷ್ಟು ಒಳ್ಳೆಯ ಪುರಾವೆ ಇನ್ನೊಂದಿಲ್ಲ: ಅಮ್ಮನವರ ಮುಖ, ಕಲಶದ ಚೊಂಬು, ದೀಪದ ಕಂಬ, ಕುಂಕುಮದ ಬಟ್ಟಲು ಎಲ್ಲವೂ ಒಂದೇ ಚಿತ್ರದಲ್ಲಿ, ವರ್ಷ ವರ್ಷವೂ ಸಿಗುತ್ತವೆ. ಮೊಬೈಲಿನ ಮೂಲ ಫೈಲನ್ನೇ ಕೊಡಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ತೆಗೆದ ದಿನಾಂಕದ ಮಾಹಿತಿ ಅಳಿಸಿಹೋಗುತ್ತದೆ.

ಈಚಿನ ಹಾಲ್‌ಮಾರ್ಕ್ ಒಡವೆಯಾದರೆ ಅದರ ಮೇಲೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ (ಪ್ರತಿ ಒಡವೆಗೂ ಬೇರೆಯಾದ ಗುರುತಿನ ಸಂಖ್ಯೆ) ಇರುತ್ತದೆ. 2023ರ ಏಪ್ರಿಲ್ 1ರಿಂದ ಅದಿಲ್ಲದೆ ಹಾಲ್‌ಮಾರ್ಕ್ ಒಡವೆ ಮಾರುವಂತಿಲ್ಲ. ಬಿಲ್ಲಿನಲ್ಲಿ ಆ ಸಂಖ್ಯೆ ಇದ್ದರೆ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿ, ಬಂದ ವಿವರದ ಸ್ಕ್ರೀನ್‌ಶಾಟ್ ಲಗತ್ತಿಸಿ.

ಯಾವುದೂ ಇಲ್ಲದ ವಸ್ತುವಿಗೆ ಪ್ರಮಾಣಪತ್ರ, ಒಡವೆ ಮಾಡಿಕೊಟ್ಟ ಅಕ್ಕಸಾಲಿಗರ ಪತ್ರ ಕೊಡಬಹುದು. ಇದು ದುರ್ಬಲ ಪುರಾವೆ ನಿಜ, ಆದರೂ ಕೊಡಿ. ಆದರೆ ಕಳ್ಳತನ ಆದಮೇಲೆ ಹಳೆಯ ದಿನಾಂಕ ಹಾಕಿಸಿದ ಬಿಲ್ಲು ಮಾತ್ರ ತರಬೇಡಿ. ಒಂದು ಸುಳ್ಳು ಕಾಗದ ಸಿಕ್ಕರೆ ಇಡೀ ಕ್ಲೇಮು ವಂಚನೆಯ ಷರತ್ತಿನಡಿ ಬಿದ್ದುಹೋಗುತ್ತದೆ, ನಿಜವಾದ ನಷ್ಟವೂ ಜೊತೆಗೆ ಹೋಗುತ್ತದೆ.

ಎಫ್‌ಐಆರ್‌ನಲ್ಲಿ ಬರೆದ ಮೌಲ್ಯ ನಮ್ಮ ಕ್ಲೇಮಿಗಿಂತ ಕಡಿಮೆ ಇದೆ. ಅದನ್ನೇ ಹಿಡಿದುಕೊಂಡಿದ್ದಾರೆ.

ಕಡಿತದ ಮೂಲ ಎಷ್ಟೋ ಸಲ ಠಾಣೆಯ ಮೇಜಿನ ಮೇಲೇ ಇರುತ್ತದೆ. ಚೆಲ್ಲಾಪಿಲ್ಲಿಯಾದ ಬೀರು ನೋಡಿ ಗಾಬರಿಯಲ್ಲಿ ಓಡಿದವರು ‘ಸುಮಾರು 50 ಗ್ರಾಂ ಚಿನ್ನ, ಬೆಳ್ಳಿ ಸಾಮಾನು, ಅಂದಾಜು 2 ಲಕ್ಷ’ ಎನ್ನುತ್ತಾರೆ, ಬರಹಗಾರರು ಹಾಗೆಯೇ ಬರೆದುಕೊಳ್ಳುತ್ತಾರೆ. ಮನೆಗೆ ಬಂದು ಒಂದೊಂದೇ ಡಬ್ಬಿ ತೆರೆದಾಗ 85 ಗ್ರಾಂ ಹೋಗಿರುವುದು ಗೊತ್ತಾಗುತ್ತದೆ.

ಮೊದಲ ದೂರಿನಲ್ಲೇ ‘ಮೇಲ್ನೋಟಕ್ಕೆ ಕಂಡದ್ದು ಇಷ್ಟು, ಪೂರ್ಣ ಪಟ್ಟಿಯನ್ನು ಪರಿಶೀಲಿಸಿ ಸಲ್ಲಿಸುತ್ತೇನೆ’ ಎಂಬ ಸಾಲು ಸೇರಿಸಿ. ಬಿಟ್ಟುಹೋಗಿದ್ದರೆ ಎರಡು ಮೂರು ದಿನದೊಳಗೆ ತನಿಖಾಧಿಕಾರಿಗೆ ಪೂರಕ ಹೇಳಿಕೆ ಕೊಟ್ಟು, ಒಂದು ಪ್ರತಿಗೆ ಠಾಣೆಯ ಮೊಹರು ಹಾಕಿಸಿಕೊಳ್ಳಿ. ಪೂರಕ ಹೇಳಿಕೆ ಸರ್ವೇಯರ್ ಬರುವ ಮೊದಲು ಕೊಟ್ಟದ್ದಾದರೆ ಅದಕ್ಕೆ ಬೆಲೆ ಹೆಚ್ಚು. ಕ್ಲೇಮು ಕಡಿತವಾದ ಮೇಲೆ ಕೊಟ್ಟರೆ ಅನುಮಾನ ಬರುವುದು ಸಹಜ.

2024ರ ಜುಲೈ 1ರಿಂದ ಐಪಿಸಿ ಬದಲು ಭಾರತೀಯ ನ್ಯಾಯ ಸಂಹಿತೆ (ಬಿಎನ್‌ಎಸ್) ಎಂಬ ಹೊಸ ಕಾನೂನು ಇರುವುದರಿಂದ ಕಲಂಗಳೂ ಬದಲಾಗಿವೆ. ಮನೆಯೊಳಗಿನ ಕಳ್ಳತನಕ್ಕೆ ಬಿಎನ್‌ಎಸ್ 305, ಕನ್ನ ಹಾಕಿ ಒಳನುಗ್ಗಿದ್ದಕ್ಕೆ ಬಿಎನ್‌ಎಸ್ 331. ಬೀಗ ಮುರಿದಿದ್ದೂ 331 ಹಾಕಿಲ್ಲದಿದ್ದರೆ ಬರಹದಲ್ಲಿ ಕೇಳಿ, ಏಕೆಂದರೆ ವಿಮೆಗೆ ಬೇಕಿರುವುದೇ ಆ ಅಂಶ. ಎಫ್‌ಐಆರ್ ಪ್ರತಿ ಉಚಿತವಾಗಿ ಕೊಡಬೇಕು. ಇನ್ನೊಂದು: ಪೊಲೀಸ್ ಇಲಾಖೆಯ ಇ-ಲಾಸ್ಟ್ ಆ್ಯಪ್ ಇರುವುದು ಕಳೆದುಹೋದ ವಸ್ತುಗಳಿಗೆ. ಕಳುವಾದದ್ದನ್ನು ಅಲ್ಲಿ ದಾಖಲಿಸಿದರೆ ನೀವೇ ‘ಕಳೆದುಕೊಂಡೆ’ ಎಂದು ಒಪ್ಪಿಕೊಂಡಂತೆ.

ಬೀಗ ಮುರಿದಿಲ್ಲ, ಹಾಗಾಗಿ ಕ್ಲೇಮೇ ಇಲ್ಲ ಎನ್ನುತ್ತಾರೆ.

ಇದು ಕಷ್ಟದ ಪ್ರಶ್ನೆ. ಹೆಚ್ಚಿನ ಕನ್ನಗಳವು ಪಾಲಿಸಿಗಳಲ್ಲಿ ‘ಬಲಪ್ರಯೋಗದಿಂದ ಒಳಬಂದ ಅಥವಾ ಹೊರಹೋದ’ ಎಂಬ ಮಾತಿದೆ. ಹರ್‌ಚಂದ್ ರಾಯ್ ಪ್ರಕರಣದಲ್ಲಿ (2004) ಸುಪ್ರೀಂ ಕೋರ್ಟ್ ಬಲಪ್ರಯೋಗ ಇರಲೇಬೇಕು ಎಂದಿತು. 2019ರ ಭಾರತ್ ವಾಚ್ ಕಂಪನಿ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಆ ಷರತ್ತನ್ನು ಗ್ರಾಹಕನಿಗೆ ತಿಳಿಸಿಯೇ ಇರಲಿಲ್ಲವಾದ್ದರಿಂದ ಅದು ಅವನನ್ನು ಕಟ್ಟಿಹಾಕುವುದಿಲ್ಲ ಎಂದಿತು.

ಆದ್ದರಿಂದ ನೋಡಬೇಕಾದದ್ದು ಎರಡು. ಒಂದು, ನಿಮಗೆ ಶೆಡ್ಯೂಲ್ ಬಿಟ್ಟು ಪೂರ್ತಿ ಷರತ್ತುಗಳನ್ನು ಕಳಿಸಿದ್ದರೇ? ಇಲ್ಲವಾದರೆ ಅದನ್ನೇ ಬರೆಯಿರಿ. ಎರಡು, ಬಲಪ್ರಯೋಗ ನಿಜಕ್ಕೂ ಇರಲಿಲ್ಲವೇ? ಮೈಸೂರಿನ ಹಳೆಯ ಹೆಂಚಿನ ಮನೆಗಳಲ್ಲಿ ಹೆಂಚು ಸರಿಸಿ ಇಳಿಯುತ್ತಾರೆ, ಕಿಟಕಿ ಸರಳು ಬಗ್ಗಿಸುತ್ತಾರೆ, ಹಿತ್ತಲ ಬಾಗಿಲ ಅಗುಳಿ ಮೀಟುತ್ತಾರೆ. ಮುಂಬಾಗಿಲ ಬೀಗ ಹಾಗೇ ಇರುತ್ತದೆ, ಸರ್ವೇಯರ್ ಅಷ್ಟನ್ನೇ ಫೋಟೋ ತೆಗೆದು ಹೋಗುತ್ತಾರೆ. ಸ್ಥಳ ಮಹಜರಿನ ಪ್ರತಿ ತೆಗೆದುಕೊಂಡು ‘ಮೀಟಿದ ಗುರುತು’ ಇದೆಯೇ ಓದಿ. ರಿಪೇರಿ ಮಾಡಿಸುವ ಮೊದಲೇ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಹತ್ತಿರದಿಂದ ಫೋಟೋ ತೆಗೆಯಿರಿ. ಬಡಗಿಯ ರಿಪೇರಿ ಬಿಲ್ಲೂ ಪುರಾವೆಯೇ.

ಮನೆಕೆಲಸದವರು ಕದ್ದದ್ದಕ್ಕೆ ರಕ್ಷಣೆ ಇದೆಯೇ ಎಂಬುದು ಪಾಲಿಸಿಯಿಂದ ಪಾಲಿಸಿಗೆ ಬೇರೆ.

ನನ್ನದು ಭಾರತ್ ಗೃಹ ರಕ್ಷಾ ಪಾಲಿಸಿ. ಕಳ್ಳತನಕ್ಕೆ ಹಣ ಬರುತ್ತದೆಯೇ?

ಬ್ಯಾಂಕಿನ ಗೃಹಸಾಲದ ಜೊತೆ ಮಾಡಿಸಿದ ಪಾಲಿಸಿ ಬಹುಮಟ್ಟಿಗೆ ಇದೇ ಆಗಿರುತ್ತದೆ. 2021ರ ಏಪ್ರಿಲ್ 1ರಿಂದ ಬಂದ ಈ ಪಾಲಿಸಿ ಮೂಲತಃ ಬೆಂಕಿ, ಪ್ರವಾಹ, ಭೂಕಂಪದಂಥ ಅನಾಹುತಗಳಿಗೆ. ಅಂಥ ಅನಾಹುತ ಆಗಿ, ಅದರ ಕಾರಣದಿಂದ 7 ದಿನದೊಳಗೆ ನಡೆದ ಕಳ್ಳತನಕ್ಕೆ ಮಾತ್ರ ಅದರಲ್ಲಿ ರಕ್ಷಣೆ. ಊರಿಗೆ ಹೋದಾಗ ಬೀಗ ಮುರಿದು ಕದ್ದರೆ ಬರಿ ಈ ಪಾಲಿಸಿಯಿಂದ ಬರುವುದಿಲ್ಲ. ಕನ್ನಗಳವಿನ ಹೆಚ್ಚುವರಿ ವಿಭಾಗ ಸೇರಿಸಿದ್ದೀರಾ ಎಂದು ಶೆಡ್ಯೂಲ್‌ನಲ್ಲಿ ಹುಡುಕಿ. ಒಡವೆ, ಬೆಳ್ಳಿ, ಚಿನ್ನದ ಹಾಳೆಯ ಮೈಸೂರು ಶೈಲಿ ಚಿತ್ರಗಳಂಥ ಬೆಲೆಬಾಳುವ ವಸ್ತುಗಳನ್ನೂ ಬೇರೆಯಾಗಿ ಕೇಳಿ ಸೇರಿಸಿರಬೇಕು.

ಈ ಪಾಲಿಸಿಯ ದೊಡ್ಡ ಗುಣವೂ ಒಂದಿದೆ: ಇದರಲ್ಲಿ ಕಡಿಮೆ ವಿಮೆಯ ಅನುಪಾತ ಕಡಿತ ಇಲ್ಲ. ಹಾಕಿದ್ದರೆ ಪ್ರಶ್ನಿಸಿ.

ಕಂಪನಿಗೆ ತಡವಾಗಿ ತಿಳಿಸಿದ್ದೇವೆಂದು ಕಡಿತ ಮಾಡಬಹುದೇ?

ಪೊಲೀಸರಿಗೆ ಕೂಡಲೇ ದೂರು ಕೊಟ್ಟಿದ್ದರೆ ನಿಮ್ಮ ನೆಲ ಗಟ್ಟಿ. ವಾಹನ ಕಳವಿನ ಪ್ರಕರಣವಾದ ಗುರ್‌ಶಿಂದರ್ ಸಿಂಗ್ (2020) ತೀರ್ಪಿನಲ್ಲಿ, ಎಫ್‌ಐಆರ್ ತಕ್ಷಣ ಆಗಿದ್ದು ಕಂಪನಿಗೆ ತಿಳಿಸಿದ್ದು ಮಾತ್ರ ತಡವಾದರೆ, ನಿಜವಾದ ಕ್ಲೇಮನ್ನು ಅದೊಂದೇ ಕಾರಣಕ್ಕೆ ತಿರಸ್ಕರಿಸಬಾರದು ಎಂದು ಸುಪ್ರೀಂ ಕೋರ್ಟ್ ಹೇಳಿದೆ. ಮನೆ ಕಳ್ಳತನಕ್ಕೂ ಈ ತರ್ಕವನ್ನು ಮುಂದಿಡಬಹುದು. ಪೊಲೀಸ್ ದೂರೇ ತಡವಾಗಿದ್ದರೆ ಕಾರಣಕ್ಕೆ ಪುರಾವೆ ಬೇಕು: ಬಸ್ ಟಿಕೆಟ್, ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ, ಇಂಥದ್ದು.

ಮಗನ ಮನೆಗೆ ಹೋಗಿ ಎರಡು ತಿಂಗಳು ಬೀಗ ಹಾಕಿದ್ದೆವು.

ಸತತ 30 ದಿನ ಅಥವಾ 60 ದಿನ ಮೀರಿ ಖಾಲಿ ಬಿಟ್ಟರೆ ರಕ್ಷಣೆ ಇಲ್ಲ ಎಂಬ ಷರತ್ತು ಹಲವು ಪಾಲಿಸಿಗಳಲ್ಲಿದೆ. ನಡುವೆ ಯಾರಾದರೂ ಬಂದು ತಂಗಿದ್ದರೆ ಎಣಿಕೆ ಮತ್ತೆ ಮೊದಲಿಂದ. ಚೆಸ್ಕಾಂ ಬಿಲ್ಲಿನ ಯೂನಿಟ್, ಹಾಲಿನವರ ಲೆಕ್ಕ, ಪಕ್ಕದ ಮನೆಯವರ ಹೇಳಿಕೆಯಿಂದ ಇದನ್ನು ತೋರಿಸಬಹುದು. ಬರಿ ಕಸ ಗುಡಿಸಿ ಹೋಗುವುದನ್ನು ವಾಸ ಎಂದು ಒಪ್ಪಿಸುವುದು ಕಷ್ಟ.

ನಗದು? ತೋಟದ ಪಂಪ್‌ಸೆಟ್ ಕೇಬಲ್?

ಕಬ್ಬಿನ ದುಡ್ಡು, ಬೆಲ್ಲದ ದುಡ್ಡು ಮನೆಯಲ್ಲಿಟ್ಟು ಕಳೆದುಕೊಂಡರೆ ಸಾಮಾನ್ಯ ಮನೆ ಪಾಲಿಸಿಯಿಂದ ಬರುವುದಿಲ್ಲ, ಅಥವಾ ಬಹಳ ಚಿಕ್ಕ ಮಿತಿಯಲ್ಲಿ ಬರುತ್ತದೆ. ಪಂಪ್‌ಸೆಟ್ ಮೋಟಾರ್, ತಾಮ್ರದ ಕೇಬಲ್‌ಗೆ ಪ್ರತ್ಯೇಕ ಪಾಲಿಸಿ ಬೇಕು.

ಆಕ್ಷೇಪಣೆ ಪತ್ರ ಹೇಗೆ ಬರೆಯಬೇಕು?

ಎರಡು ಪುಟ ಮೀರದಿರಲಿ. ಕೋಪ, ನೋವು ಎಷ್ಟೇ ಇದ್ದರೂ ಪತ್ರದಲ್ಲಿ ಅಂಕಿಗಳೇ ಮಾತಾಡಲಿ. ಕಂಪನಿಯ ದೂರು ಪರಿಹಾರ ಅಧಿಕಾರಿಗೆ ಬರೆದು, ಪ್ರತಿ ವಸ್ತುವಿಗೂ ಹೀಗೆ ಒಂದು ಪ್ಯಾರಾ:

‘ಕ್ರಮಸಂಖ್ಯೆ 3, ಚಿನ್ನದ ಸರ, ನಿವ್ವಳ 40 ಗ್ರಾಂ. ನೀವು ಹಾಕಿದ್ದು 1,16,000, 2018ರ ಬಿಲ್ಲಿನ ದರದಂತೆ. ಪಾಲಿಸಿಯ ಇಂಥ ಷರತ್ತು ನಷ್ಟದ ದಿನದ ಮೌಲ್ಯ ಎನ್ನುತ್ತದೆ. ಆ ದಿನದ ದರಕ್ಕೆ ಲಗತ್ತು 5 ನೋಡಿ. ಬರಬೇಕಾದದ್ದು ಇಷ್ಟು. ವ್ಯತ್ಯಾಸ ಇಷ್ಟು.’

ಕೊನೆಯಲ್ಲಿ ವ್ಯತ್ಯಾಸಗಳ ಮೊತ್ತ, ಬಡ್ಡಿಯ ಬೇಡಿಕೆ. ನಿಗದಿತ ಅವಧಿ ಮೀರಿ ಹಣ ಕೊಟ್ಟರೆ ರಿಸರ್ವ್ ಬ್ಯಾಂಕಿನ ‘ಬ್ಯಾಂಕ್ ದರ’ಕ್ಕೆ ಶೇ 2 ಸೇರಿಸಿ ಬಡ್ಡಿ ಕೊಡಬೇಕೆಂಬ ನಿಯಮ ಇದೆ. ಅವಧಿಗಳನ್ನೂ ತಿಳಿದಿರಿ: 2024ರ ಐಆರ್‌ಡಿಎಐ ಸುತ್ತೋಲೆಯಂತೆ ಕ್ಲೇಮು ತಿಳಿಸಿದ 24 ಗಂಟೆಯೊಳಗೆ ಸರ್ವೇಯರ್ ನೇಮಕ, 15 ದಿನದೊಳಗೆ ವರದಿ, ವರದಿ ಬಂದ 7 ದಿನದೊಳಗೆ ತೀರ್ಮಾನ. ದೂರಿಗೆ 14 ದಿನದೊಳಗೆ ಉತ್ತರ. ಜೊತೆಗೇ ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್‌ನಲ್ಲಿ, ಅಥವಾ 155255ಕ್ಕೆ ಕರೆ ಮಾಡಿ ದಾಖಲಿಸಿದರೆ ಕಂಪನಿಯೊಳಗೆ ಕಡತ ಅಲುಗಾಡುತ್ತದೆ. ನಿಯಂತ್ರಕರು ಅಲ್ಲಿ ತೀರ್ಪು ಕೊಡುವುದಿಲ್ಲ, ಉತ್ತರ ಕೊಡಿಸುತ್ತಾರೆ ಅಷ್ಟೇ.

ಕಂಪನಿಯ ಉತ್ತರವನ್ನು ಜೋಪಾನ ಮಾಡಿ. ನಿರಾಕರಣೆ ಪತ್ರದಲ್ಲಿ ಹೇಳದ ಹೊಸ ಕಾರಣವನ್ನು ಮುಂದೆ ಎತ್ತುವಂತಿಲ್ಲ ಎಂಬುದು 2019ರ ಸೌರಾಷ್ಟ್ರ ಕೆಮಿಕಲ್ಸ್ ತೀರ್ಪು.

ಒಂಬುಡ್ಸ್‌ಮನ್ ಬಳಿ ಹೋಗುವುದೋ, ಗ್ರಾಹಕ ಆಯೋಗಕ್ಕೋ?

ಜಗಳ ಬರಿ ಲೆಕ್ಕದ್ದಾದರೆ ಮೊದಲು ಒಂಬುಡ್ಸ್‌ಮನ್ (ವಿಮಾ ಕಂಪನಿಗಳ ವಿರುದ್ಧದ ದೂರು ಕೇಳಿ ಇತ್ಯರ್ಥ ಮಾಡುವ ಅಧಿಕಾರಿ) ಎಂದೇ ನಮ್ಮ ಸಲಹೆ. ಖರ್ಚಿಲ್ಲ, ವಕೀಲರಿಗೆ ಅಲ್ಲಿ ಪ್ರವೇಶವೂ ಇಲ್ಲ. ಕರ್ನಾಟಕಕ್ಕೆ ಕಚೇರಿ ಬೆಂಗಳೂರಿನ ಜೆ.ಪಿ. ನಗರ 1ನೇ ಹಂತದ ಜೀವನ್ ಸೌಧದಲ್ಲಿದೆ. ದೂರು ಆನ್‌ಲೈನ್‌ನಲ್ಲಿ ಹಾಕಬಹುದು, ವಿಡಿಯೊ ಮೂಲಕ ವಿಚಾರಣೆಗೂ ಅವಕಾಶವಿದೆ, ಮಂಡ್ಯದಿಂದ ಓಡಾಡುವ ಅಗತ್ಯ ಬೀಳದೇ ಇರಬಹುದು. ಮೊದಲು ಕಂಪನಿಗೆ ಬರಹದಲ್ಲಿ ದೂರು ಕೊಟ್ಟಿರಬೇಕು. ಉತ್ತರ ಒಪ್ಪಿಗೆಯಾಗದಿದ್ದರೆ, ಅಥವಾ ಒಂದು ತಿಂಗಳು ಕಳೆದರೂ ಉತ್ತರ ಬಾರದಿದ್ದರೆ, ಅಲ್ಲಿಂದ ಒಂದು ವರ್ಷದೊಳಗೆ ಹೋಗಬೇಕು. 50 ಲಕ್ಷದವರೆಗೆ ಕೊಡಿಸುವ ಅಧಿಕಾರ ಇದೆ. ಆದೇಶ ಕಂಪನಿಯನ್ನು ಕಟ್ಟಿಹಾಕುತ್ತದೆ, 30 ದಿನದೊಳಗೆ ಪಾಲಿಸಬೇಕು. ನಿಮಗೆ ಒಪ್ಪಿಗೆಯಾಗದಿದ್ದರೆ ಆಮೇಲೂ ಗ್ರಾಹಕ ಆಯೋಗಕ್ಕೆ ಹೋಗಬಹುದು. ಆಯೋಗದಲ್ಲಿ ಈಗಾಗಲೇ ಪ್ರಕರಣ ಇದ್ದರೆ ಮಾತ್ರ ಒಂಬುಡ್ಸ್‌ಮನ್ ತೆಗೆದುಕೊಳ್ಳುವುದಿಲ್ಲ.

ಬೀಗ ಮುರಿದಿಲ್ಲ, ಷರತ್ತು ತಿಳಿಸಿಲ್ಲ ಎಂಬಂಥ ಕಾನೂನಿನ ಜಗಳವಾದರೆ, ಅಥವಾ ಮಾನಸಿಕ ಯಾತನೆಗೆ ಪರಿಹಾರವೂ ಬೇಕಾದರೆ ಆಯೋಗವೇ ಸೂಕ್ತ. ಮೈಸೂರಿನಲ್ಲೂ ಮಂಡ್ಯದಲ್ಲೂ ಜಿಲ್ಲಾ ಗ್ರಾಹಕ ಆಯೋಗ ಇದೆ. 2019ರ ಕಾಯ್ದೆಯಂತೆ ಕಂಪನಿಯ ಕಚೇರಿ ಎಲ್ಲೇ ಇರಲಿ, ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ವ್ಯಾಪ್ತಿ ಮತ್ತು ಶುಲ್ಕ ನೋಡುವುದು ನೀವು ಕಟ್ಟಿದ ಪ್ರೀಮಿಯಂ ಮೇಲೆ. ಅದು 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ, ಅಂದರೆ ಮನೆ ವಿಮೆಯವರಿಗೆ ಶುಲ್ಕವೇ ಇಲ್ಲ. ಗಡುವು 2 ವರ್ಷ. ಒಂಬುಡ್ಸ್‌ಮನ್ ಬಳಿ ಕಳೆದ ದಿನಗಳನ್ನು ಇದರಿಂದ ಬಿಡುತ್ತಾರೆಂದು ನಂಬಿ ಕೂರಬೇಡಿ.

ಸಿ ರಿಪೋರ್ಟ್ ಬರುವವರೆಗೆ ಹಣ ಇಲ್ಲ ಎನ್ನುತ್ತಾರೆ.

ಕಳ್ಳ ಪತ್ತೆಯಾಗದಿದ್ದರೆ ನಮ್ಮ ಪೊಲೀಸರು ನ್ಯಾಯಾಲಯಕ್ಕೆ ಕೊಡುವ ವರದಿಯೇ ಸಿ ರಿಪೋರ್ಟ್. ಬಿ ರಿಪೋರ್ಟ್ ಬೇರೆ, ಅದು ದೂರೇ ಸುಳ್ಳು ಎನ್ನುವಂಥದ್ದು. ಹಾಗೆ ಆದರೆ ಕೂಡಲೇ ವಕೀಲರನ್ನು ಕಂಡು ನ್ಯಾಯಾಲಯದಲ್ಲಿ ಪ್ರತಿಭಟನಾ ಅರ್ಜಿ ಹಾಕಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ (ಬಿಎನ್‌ಎಸ್‌ಎಸ್, ಪೊಲೀಸ್ ತನಿಖೆ ಹೇಗೆ ನಡೆಯಬೇಕೆಂಬ ಹೊಸ ಕಾನೂನು) 193ರಂತೆ ತನಿಖೆಯ ಪ್ರಗತಿಯನ್ನು 90 ದಿನದೊಳಗೆ ದೂರುದಾರರಿಗೆ ತಿಳಿಸಬೇಕು. ಆ ಕಲಂ ಉಲ್ಲೇಖಿಸಿ ಠಾಣೆಗೆ ಅರ್ಜಿ ಕೊಡಿ, ಬಂದ ಉತ್ತರವನ್ನು ಕಂಪನಿಗೆ ಕಳಿಸಿ. ‘ಮಾಲು ಮುಂದೆ ಸಿಕ್ಕರೆ ಪಡೆದ ಹಣಕ್ಕೆ ತಕ್ಕಂತೆ ಹೊಂದಿಸುತ್ತೇನೆ’ ಎಂಬ ಮುಚ್ಚಳಿಕೆ ಬರೆದುಕೊಟ್ಟು ಈಗಲೇ ಇತ್ಯರ್ಥ ಕೇಳಬಹುದು.

ಹಣ ಬಂದಮೇಲೆ ಒಡವೆ ಸಿಕ್ಕರೆ?

ಕಂಪನಿಗೆ ತಿಳಿಸಲೇಬೇಕು. ಪೂರ್ತಿ ಹಣ ಪಡೆದಿದ್ದರೆ ಒಡವೆಯ ಮೇಲೆ ಕಂಪನಿಗೆ ಹಕ್ಕು, ಅಥವಾ ಹಣ ಮರಳಿಸಿ ಒಡವೆ ಇಟ್ಟುಕೊಳ್ಳಬಹುದು. ಅರ್ಧ ಹಣ ಪಡೆದಿದ್ದರೆ ಪೂರ್ತಿ ಒಡವೆ ಬಿಟ್ಟುಕೊಡಲು ಒಪ್ಪಬೇಡಿ. ಯಾವ ವಸ್ತುವಿಗೆ ಎಷ್ಟು ಕೊಟ್ಟಿದ್ದರೆಂದು ಲೆಕ್ಕದ ಹಾಳೆ ತೆಗೆದು ಆ ವಸ್ತುವಿಗಷ್ಟೇ ಹೊಂದಿಸಿ. ಒಡವೆ ಬಿಡಿಸಿಕೊಳ್ಳಲು ಮ್ಯಾಜಿಸ್ಟ್ರೇಟರಿಗೆ ಬಿಎನ್‌ಎಸ್‌ಎಸ್ 497 ಅಥವಾ 503ರಡಿ ಅರ್ಜಿ. ಫೋಟೋ ತೆಗೆದು, ಬಾಂಡ್ ಬರೆಸಿಕೊಂಡು ಬೆಲೆಬಾಳುವ ಮಾಲನ್ನು ಬೇಗ ಬಿಡುಗಡೆ ಮಾಡಬೇಕೆಂದು ಸುಪ್ರೀಂ ಕೋರ್ಟ್ 2002ರ ಸುಂದರ್‌ಭಾಯ್ ದೇಸಾಯಿ ಪ್ರಕರಣದಲ್ಲೇ ಹೇಳಿದೆ. ಸಿಕ್ಕಿದ್ದು ಕರಗಿಸಿದ ಗಟ್ಟಿಯಾದರೆ, ಹಲವು ಮನೆಗಳ ಚಿನ್ನ ಅದರಲ್ಲಿ ಸೇರಿರಬಹುದು. ಆಗ ನಿಮ್ಮ ಪಾಲು ಎಷ್ಟು ಗ್ರಾಂ ಎಂದು ತೀರ್ಮಾನವಾಗುವುದು ಎಫ್‌ಐಆರ್‌ನಲ್ಲಿ ಮತ್ತು ಪೂರಕ ಹೇಳಿಕೆಯಲ್ಲಿ ಬರೆಸಿದ ನಿವ್ವಳ ತೂಕದ ಮೇಲೆ.